ಮೂಕಜೀವಿಗಳ ಪರವಾಗಿ ಒಂದು ದನಿ

ಸಂಜೆಯ ಹೊತ್ತು ಗಜೇಂದ್ರಗಡದ ನೇಕಾರರ ಓಣಿಯಲ್ಲಿ ನಡೆದು ಬಂದವರಿಗೆ ಒಂದು ನೋಟ ಪರಿಚಿತವಾದುದು. ಮಗ್ಗದ ಸದ್ದು ನಿಲ್ಲುವ ವೇಳೆಗೆ ಮನೆಯ ಹೊಸ್ತಿಲ ಬಳಿ ನಾಯಿಯೊಂದು ಬಂದು ಕುಳಿತಿರುತ್ತದೆ. ಅದು ಯಾರ ಮನೆಯದೂ ಅಲ್ಲ. ಒಂದು ರೀತಿಯಲ್ಲಿ ಓಣಿಯ ಎಲ್ಲರ ಮನೆಯದೂ ಹೌದು. ಒಲೆಯ ಮುಂದಿನಿಂದ ಎದ್ದು ಬಂದ ಅಜ್ಜಿಯು ಮಿಕ್ಕ ಜೋಳದ ರೊಟ್ಟಿಯ ಚೂರನ್ನು ಅದರ ಮುಂದೆ ಹಾಕಿ ಒಳಗೆ ಹೋಗುತ್ತಾಳೆ. ರೋಣದ ಖಾನಾವಳಿಗಳ ಹಿಂಬದಿಯಲ್ಲಿಯೂ ನರಗುಂದದ ಗುಡ್ಡದ ಬುಡದ ಓಣಿಗಳಲ್ಲಿಯೂ ಇಂತಹ ನಾಯಿಗಳುಂಟು, ಇಂತಹ ಅಜ್ಜಿಯರೂ ಉಂಟು. ಆದರೆ ಅದೇ ಓಣಿಯಲ್ಲಿ ಮತ್ತೊಂದು ನೋಟವೂ ಕಾಣುತ್ತದೆ. ಮಲಗಿದ್ದ ನಾಯಿಗೆ ಹುಡುಗನೊಬ್ಬನು ಕಾರಣವಿಲ್ಲದೆ ಕಲ್ಲು ಬೀರುತ್ತಾನೆ. ವಾಹನಕ್ಕೆ ಸಿಕ್ಕಿ ಕಾಲು ಮುರಿದುಕೊಂಡ ನಾಯಿಯು ಚರಂಡಿಯ ಅಂಚಿನಲ್ಲಿ ಎರಡು ದಿನ ನರಳಿದರೂ ಯಾರೂ ಅದರತ್ತ ಸುಳಿಯುವುದಿಲ್ಲ. ಬೀದಿಯ ತುದಿಯಲ್ಲಿ ನಾಯಿಗಳ ಹಿಂಡನ್ನು ಕಂಡು ಶಾಲೆಗೆ ಹೊರಟ ಮಗುವೊಂದು ಹೆದರಿ ಹಿಂದಕ್ಕೆ ಓಡುತ್ತದೆ.

ರೊಟ್ಟಿ, ಕಲ್ಲು, ಭಯ, ಈ ಮೂರೂ ಒಂದೇ ಓಣಿಯಲ್ಲಿವೆ. ಇವುಗಳ ನಡುವೆ ನಮ್ಮ ಕರ್ತವ್ಯವೇನು? ಮನುಷ್ಯನ ಆಸರೆಯಲ್ಲಿ ಬದುಕುವ, ಮಾತು ಬಾರದ ಜೀವಿಗೆ ನಾವು ಏನನ್ನಾದರೂ ಸಲ್ಲಿಸಬೇಕಾಗಿದೆಯೇ? ಈ ಪ್ರಶ್ನೆಯನ್ನು ಸ್ವತಂತ್ರ ಭಾರತದ ಸಂಸತ್ತಿನ ಮುಂದಿರಿಸಿ, ಅದಕ್ಕೆ ಕಾಯಿದೆಯ ಮೂಲಕ ಉತ್ತರ ದೊರಕುವಂತೆ ಮಾಡಿದವರು ಒಬ್ಬ ಮಹಿಳೆ. ಅವರು ವಕೀಲರಲ್ಲ, ರಾಜಕಾರಣಿಯಲ್ಲ, ಪಶುವೈದ್ಯರೂ ಅಲ್ಲ. ಅವರು ನರ್ತಕಿ. ಅವರ ಹೆಸರು ರುಕ್ಮಿಣೀದೇವಿ ಅರುಂಡೇಲ್.

ನಾಯಿಯನ್ನು ಗೌರವಿಸುವುದು ನಮ್ಮ ನಾಡಿಗೆ ಹೊಸದೇನಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 950ರ ಸುಮಾರಿಗೆ ಒಂದು ಕಲ್ಲು ನೆಟ್ಟಿತು. ಕಾಳಿ ಎಂಬ ಬೇಟೆನಾಯಿಯು ದೊಡ್ಡ ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದರ ಒಡೆಯನಾದ ಮಣಲೇರನು ಆ ನಾಯಿಯ ನೆನಪಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆಗಾಗಿ ಭೂಮಿಯನ್ನು ಬಿಡಿಸಿದನು. ಆ ಶಾಸನವು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮೈಲಾರಲಿಂಗನ ಭಕ್ತರು ನಾಯಿಯನ್ನು ತಮ್ಮ ದೇವರ ಸಂಗಾತಿಯೆಂದೇ ಬಗೆಯುತ್ತಾರೆ. ಮಹಾಭಾರತದ ಕೊನೆಯಲ್ಲಿ ಧರ್ಮರಾಯನು ತನ್ನನ್ನು ನಂಬಿ ಹಿಂಬಾಲಿಸಿದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲು ಒಪ್ಪಲಿಲ್ಲ. ಗದುಗಿನ ಕುಮಾರವ್ಯಾಸನು ಭಾರತದ ಮೊದಲ ಹತ್ತು ಪರ್ವಗಳನ್ನು ಮಾತ್ರ ಹಾಡಿದುದರಿಂದ ಆ ಕಥೆಯು ಅವನ ಕಾವ್ಯದಲ್ಲಿ ಬರುವುದಿಲ್ಲ. ಆದರೂ ಅದನ್ನು ಕೇಳದ ಮಗು ನಮ್ಮಲ್ಲಿ ವಿರಳ. ಹೀಗೆ ಕಲ್ಲಿನಲ್ಲಿಯೂ ಕಥೆಯಲ್ಲಿಯೂ ನಾಯಿಗೆ ಮನ್ನಣೆ ದೊರೆತಿದೆ. ಆದರೆ ಮಡಿದ ವೀರನಾಯಿಗೆ ಸಲ್ಲಿಸುವ ಗೌರವ ಬೇರೆ. ಮನೆಯ ಮುಂದಿನ ಬಡಕಲು ನಾಯಿಗೆ ದಿನದಿನವೂ ತೋರಬೇಕಾದ ಕರುಣೆ ಬೇರೆ. ಮೊದಲನೆಯದು ಸುಲಭ; ಎರಡನೆಯದು ಕಷ್ಟ. ಆ ಕಷ್ಟದ ದಾರಿಯನ್ನು ಹಿಡಿದವರು ರುಕ್ಮಿಣೀದೇವಿ.

ರುಕ್ಮಿಣಿಯವರು 1904ರ ಫೆಬ್ರವರಿ 29ರಂದು ಮಧುರೆಯಲ್ಲಿ ಜನಿಸಿದರು. ನಾಲ್ಕು ವರ್ಷಕ್ಕೊಮ್ಮೆ ಮಾತ್ರ ಬರುವ ದಿನವದು. ತಂದೆ ನೀಲಕಂಠ ಶಾಸ್ತ್ರಿಗಳು ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರರಾಗಿದ್ದರು. ಸಂಸ್ಕೃತದಲ್ಲಿ ವಿದ್ವಾಂಸರೂ ಆಗಿದ್ದರು. ತಾಯಿ ಶೇಷಮ್ಮಾಳ್ ಸಂಗೀತಪ್ರಿಯರು. ಸಂಪ್ರದಾಯಸ್ಥ ಮನೆತನವಾದರೂ ತಂದೆಯ ಮನಸ್ಸು ಹೊಸ ವಿಚಾರಗಳಿಗೆ ತೆರೆದುಕೊಂಡಿತ್ತು. ಅವರು ಥಿಯಸಾಫಿಕಲ್ ಸೊಸೈಟಿಯ ಸದಸ್ಯರಾಗಿ, ನಿವೃತ್ತಿಯ ಬಳಿಕ ಮದರಾಸಿನ ಅಡ್ಯಾರಿನಲ್ಲಿ ಆ ಸಂಸ್ಥೆಯ ನೆರೆಯಲ್ಲಿಯೇ ಮನೆ ಕಟ್ಟಿಸಿದರು. ಅಡ್ಯಾರ್ ನದಿಯು ಸಮುದ್ರವನ್ನು ಸೇರುವೆಡೆ, ಹಳೆಯ ಮರಗಳ ನಡುವೆ ಇದ್ದ ಆ ಸಂಸ್ಥೆಯಲ್ಲಿ ಹಲವು ದೇಶಗಳ, ಹಲವು ಧರ್ಮಗಳ ಜನರು ಒಟ್ಟಿಗೆ ವಾಸಿಸುತ್ತಿದ್ದರು. ಎಲ್ಲ ಜೀವವೂ ಒಂದೇ ಮೂಲದಿಂದ ಬಂದುದೆಂಬುದು ಅಲ್ಲಿಯವರ ನಂಬಿಕೆ. ಮಾಂಸಾಹಾರವನ್ನು ತೊರೆದವರು ಅಲ್ಲಿ ಬಹುಮಂದಿ. ಎಳೆಯ ರುಕ್ಮಿಣಿಯ ಮನಸ್ಸಿನಲ್ಲಿ ಪ್ರಾಣಿದಯೆಯ ಬೀಜ ಬಿದ್ದುದು ಇಂತಹ ಪರಿಸರದಲ್ಲಿ.

ಆ ಸಂಸ್ಥೆಯ ಅಧ್ಯಕ್ಷರಾಗಿದ್ದವರು ಆನಿ ಬೆಸೆಂಟ್. ಅವರ ಆಪ್ತ ಸಹಾಯಕರಲ್ಲಿ ಒಬ್ಬರು ಜಾರ್ಜ್ ಅರುಂಡೇಲ್ ಎಂಬ ಆಂಗ್ಲ ಶಿಕ್ಷಣತಜ್ಞರು. ಭಾರತಕ್ಕೆ ಸ್ವರಾಜ್ಯ ಬೇಕೆಂದು ಹೋರಾಡಿದ್ದಕ್ಕಾಗಿ 1917ರಲ್ಲಿ ಬೆಸೆಂಟರೊಡನೆ ಅವರೂ ಬಂಧನಕ್ಕೊಳಗಾಗಿದ್ದರು. 1920ರಲ್ಲಿ ರುಕ್ಮಿಣಿಯವರು ಅವರನ್ನು ವಿವಾಹವಾದರು. ಆಗ ಅವರಿಗೆ ಹದಿನಾರು ವರ್ಷ. ವರನು ಅವರಿಗಿಂತ ಬಹಳ ಹಿರಿಯರು, ಅದರ ಮೇಲೆ ವಿದೇಶೀಯರು. ಮದರಾಸಿನ ಸಮಾಜವು ಸಿಡಿದೆದ್ದಿತು. ಪತ್ರಿಕೆಗಳು ಖಂಡಿಸಿದವು, ನೆಂಟರು ದೂರ ಸರಿದರು. ಆ ಸಣ್ಣ ವಯಸ್ಸಿನಲ್ಲಿಯೇ ಸಮಾಜದ ಸಿಟ್ಟನ್ನು ಎದುರಿಸಿ ನಿಲ್ಲುವುದನ್ನು ರುಕ್ಮಿಣೀದೇವಿ ಕಲಿತರು. ಮುಂದೆ ಎರಡು ಬಾರಿ ಆ ಪಾಠವು ಅವರ ಉಪಯೋಗಕ್ಕೆ ಬಂದಿತು.

ಮೊದಲನೆಯ ಬಾರಿ ಉಪಯೋಗಕ್ಕೆ ಬಂದುದು ನೃತ್ಯದಲ್ಲಿ. ಪತಿಯೊಡನೆ ದೇಶದೇಶಗಳನ್ನು ಸುತ್ತುವಾಗ ರುಕ್ಮಿಣೀದೇವಿಯವರಿಗೆ ರಷ್ಯಾದ ಪ್ರಸಿದ್ಧ ನರ್ತಕಿ ಆನಾ ಪಾವ್ಲೊವಾರ ಪರಿಚಯವಾಯಿತು. ಆಸ್ಟ್ರೇಲಿಯಾಕ್ಕೆ ಹೊರಟ ಹಡಗಿನಲ್ಲಿ ಇಬ್ಬರೂ ಜೊತೆಯಾದರು, ಗೆಳೆತನ ಬೆಳೆಯಿತು. ಪಾಶ್ಚಾತ್ಯ ಬ್ಯಾಲೆಯನ್ನು ಕಲಿಯತೊಡಗಿದ ಗೆಳತಿಗೆ ತನ್ನ ನಾಡಿನ ಕಲೆಯನ್ನೇ ಹುಡುಕುವಂತೆ ಪಾವ್ಲೊವಾ ಸಲಹೆಯಿತ್ತರು. ಆ ಕಾಲದಲ್ಲಿ ತಮಿಳುನಾಡಿನ ಸದಿರ್ ನೃತ್ಯವನ್ನು ಉಳಿಸಿಕೊಂಡು ಬಂದಿದ್ದವರು ದೇವದಾಸಿ ಮನೆತನಗಳ ಕಲಾವಿದೆಯರು ಮತ್ತು ಅವರಿಗೆ ಪಾಠ ಹೇಳುತ್ತಿದ್ದ ನಟ್ಟುವನಾರರು. ಸಮಾಜವು ಆ ಕಲೆಯನ್ನೂ ಕಲಾವಿದೆಯರನ್ನೂ ಕೀಳಾಗಿ ಕಾಣುತ್ತಿತ್ತು. ರುಕ್ಮಿಣೀದೇವಿಯವರು ಮೈಲಾಪುರದ ಗೌರಿ ಅಮ್ಮಾಳ್ ಮತ್ತು ಪಂದನಲ್ಲೂರಿನ ಮೀನಾಕ್ಷಿಸುಂದರಂ ಪಿಳ್ಳೆ ಅವರ ಬಳಿ ಶಿಷ್ಯೆಯಾಗಿ ನಿಂತರು. 1935ರಲ್ಲಿ ಅಡ್ಯಾರಿನಲ್ಲಿ ಜನರ ಮುಂದೆ ನರ್ತಿಸಿದರು. ಬ್ರಾಹ್ಮಣ ಕುಟುಂಬದ ಹೆಣ್ಣುಮಗಳು ವೇದಿಕೆಯ ಮೇಲೆ ನರ್ತಿಸುವಳೆಂದು ಹಲವರು ಮೂಗು ಮುರಿದರು. ಆದರೆ ನೃತ್ಯವನ್ನು ಕಣ್ಣಾರೆ ಕಂಡವರಲ್ಲಿ ಅನೇಕರು ಮನಸ್ಸು ಬದಲಿಸಿಕೊಂಡರು. ಇಂದು ನಾವು ಭರತನಾಟ್ಯವೆಂದು ಕರೆಯುವ ಕಲೆಗೆ ಮರ್ಯಾದೆಯ ಸ್ಥಾನ ದೊರಕಿಸಿದವರಲ್ಲಿ ಅವರು ಪ್ರಮುಖರು.

1936ರ ಜನವರಿಯಲ್ಲಿ ಅವರು ಕಲಾಕ್ಷೇತ್ರವನ್ನು ಸ್ಥಾಪಿಸಿದರು. ಕೆಲವೇ ವಿದ್ಯಾರ್ಥಿಗಳಿಂದ ಆರಂಭವಾದ ಆ ಶಾಲೆಯು ಮುಂದೆ ಅಡ್ಯಾರಿನಿಂದ ತಿರುವಾನ್ಮಿಯೂರಿನ ಕಡಲತಡಿಗೆ ವರ್ಗವಾಯಿತು. ಅಲ್ಲಿಯ ಮರಳುನೆಲದಲ್ಲಿ ಗಿಡ ನೆಟ್ಟು, ನೀರೆರೆದು, ನೆರಳನ್ನು ಬೆಳೆಸಿದರು. ಕಲಾಕ್ಷೇತ್ರದ ಶಿಕ್ಷಣದಲ್ಲಿ ಶಿಸ್ತಿಗೆ ಮೊದಲ ಸ್ಥಾನ. ಮುಂಜಾನೆ ಎದ್ದು ಅಡವುಗಳನ್ನು ಅಭ್ಯಾಸ ಮಾಡಬೇಕು; ಒಂದೇ ಹೆಜ್ಜೆಯನ್ನು ನೂರು ಬಾರಿ ಹಾಕಬೇಕು. ಉತ್ಸಾಹ ಬಂದಾಗ ಕುಣಿದು, ಬೇಸರ ಬಂದಾಗ ಬಿಡುವುದು ಕಲೆಯಲ್ಲವೆಂಬುದು ಅವರ ನಿಲುವಾಗಿತ್ತು. ಭಾವವು ಎಷ್ಟೇ ಆಳವಾಗಿದ್ದರೂ ಅದಕ್ಕೆ ತಾಳದ ಕಟ್ಟು ಬೇಕು. ಈ ಮಾತನ್ನು ನಾವು ನೆನಪಿನಲ್ಲಿಟ್ಟುಕೊಳ್ಳಬೇಕು. ಏಕೆಂದರೆ ಕರುಣೆಯ ವಿಷಯದಲ್ಲಿಯೂ ಅವರು ಇದೇ ದಾರಿಯನ್ನು ಹಿಡಿದರು.

1945ರಲ್ಲಿ ಪತಿ ಜಾರ್ಜ್ ಅರುಂಡೇಲ್ ತೀರಿಕೊಂಡರು. ರುಕ್ಮಿಣೀದೇವಿ ದುಃಖದಲ್ಲಿ ಮುಳುಗಿ ಕೂರಲಿಲ್ಲ. ಕಲಾಕ್ಷೇತ್ರದ ಕೆಲಸದಲ್ಲಿ ತಮ್ಮನ್ನು ಇನ್ನಷ್ಟು ತೊಡಗಿಸಿಕೊಂಡರು. ದೇಶ ಸ್ವತಂತ್ರವಾಯಿತು, ಸಂವಿಧಾನ ಜಾರಿಗೆ ಬಂದಿತು. ಕಲೆ, ಸಾಹಿತ್ಯ, ವಿಜ್ಞಾನ, ಸಮಾಜಸೇವೆಗಳಲ್ಲಿ ಹೆಸರಾದವರನ್ನು ರಾಷ್ಟ್ರಪತಿಗಳು ರಾಜ್ಯಸಭೆಗೆ ನಾಮಕರಣ ಮಾಡುವ ಪದ್ಧತಿಯುಂಟು. 1952ರಲ್ಲಿ ಹಾಗೆ ಆರಿಸಲ್ಪಟ್ಟ ಮೊದಲ ತಂಡದಲ್ಲಿ ರುಕ್ಮಿಣೀದೇವಿಯೂ ಇದ್ದರು. ನರ್ತಕಿಯು ಸಂಸತ್ತಿನಲ್ಲಿ ನೃತ್ಯಕ್ಕಾಗಿ ಅನುದಾನವನ್ನು ಕೇಳಬಹುದೆಂದು ಜನರು ಊಹಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಅವರು ಸದನದ ಮುಂದೆ ಇರಿಸಿದುದು ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ ಒಂದು ಖಾಸಗಿ ಮಸೂದೆಯನ್ನು. ಸಮಾಜದ ಅಸಡ್ಡೆಯನ್ನು ಎದುರಿಸಬೇಕಾದ ಎರಡನೆಯ ಸಂದರ್ಭ ಇದು.

ಆಗ ದೇಶದಲ್ಲಿ ಇಂತಹ ಕಾಯಿದೆಯೇ ಇರಲಿಲ್ಲವೆಂದಲ್ಲ. ಬ್ರಿಟಿಷರು 1890ರಲ್ಲಿ ಮಾಡಿದ ಒಂದು ಕಾಯಿದೆಯಿತ್ತು. ಆದರೆ ಅದರ ವ್ಯಾಪ್ತಿ ಕಿರಿದು, ಜಾರಿ ಇನ್ನೂ ಕಿರಿದು. ಹೇರು ತಾಳದೆ ಕುಸಿದ ಎತ್ತಿಗೆ ಬಾರಿಸುತ್ತ ಚಕ್ಕಡಿ ಹೊಡೆಯುವುದು, ಗಾಯದ ಮೇಲೆ ನೊಗ ಹೂಡುವುದು, ಟಾಂಗಾ ಕುದುರೆಯನ್ನು ಹಸಿವಿನಲ್ಲಿ ದುಡಿಸುವುದು, ಪ್ರಾಣಿಗಳನ್ನು ರೈಲುಡಬ್ಬಿಯಲ್ಲಿ ಒತ್ತೊತ್ತಾಗಿ ತುಂಬಿ ನೀರಿಲ್ಲದೆ ದೂರ ಸಾಗಿಸುವುದು, ಇವೆಲ್ಲ ನಿತ್ಯದ ನೋಟಗಳಾಗಿದ್ದವು. ಬೀದಿನಾಯಿಗಳನ್ನಂತೂ ನಗರಸಭೆಗಳು ಹಿಡಿದು ಕೊಲ್ಲುವುದೇ ರೂಢಿಯಾಗಿತ್ತು. ಬಡತನ, ಹಸಿವು, ನಿರಾಶ್ರಿತರ ಸಂಕಟಗಳಿಂದ ತತ್ತರಿಸುತ್ತಿದ್ದ ದೇಶದಲ್ಲಿ ಮನುಷ್ಯರ ಗೋಳೇ ಬೇಕಾದಷ್ಟಿರುವಾಗ ಪ್ರಾಣಿಗಳ ಮಾತೇಕೆ ಎಂದು ಕೇಳುವುದು ಸುಲಭವಾಗಿತ್ತು. ರುಕ್ಮಿಣೀದೇವಿಯವರ ಉತ್ತರ ಸರಳವಾಗಿತ್ತು. ದುರ್ಬಲರ ಮೇಲಿನ ಕ್ರೌರ್ಯವನ್ನು ಒಂದೆಡೆ ಸಹಿಸಿಕೊಂಡ ಸಮಾಜವು ಮತ್ತೊಂದೆಡೆಯೂ ಅದನ್ನು ಸಹಿಸಿಕೊಳ್ಳುತ್ತದೆ. ಮೂಕಪ್ರಾಣಿಗೆ ಮರುಗಲು ಕಲಿತವನು ಮನುಷ್ಯನಿಗೂ ಮರುಗುತ್ತಾನೆ ಎಂಬುದು ಅವರ ವಾದದ ತಿರುಳು.

1954ರಲ್ಲಿ ರಾಜ್ಯಸಭೆಯಲ್ಲಿ ಈ ಮಸೂದೆಯ ಚರ್ಚೆ ನಡೆಯಿತು. ಪ್ರಧಾನಿ ಜವಾಹರಲಾಲ್ ನೆಹರೂ ಅವರು ಮಸೂದೆಯ ಹಿಂದಿನ ಭಾವನೆಯನ್ನು ಮೆಚ್ಚಿದರು. ಆದರೆ ಇಂತಹ ವಿಷಯವನ್ನು ಪೂರ್ಣವಾಗಿ ಪರಿಶೀಲಿಸಿ ಸರ್ಕಾರವೇ ಕಾಯಿದೆಯನ್ನು ತರುವುದಾಗಿ ಭರವಸೆಯಿತ್ತು, ಮಸೂದೆಯನ್ನು ಹಿಂತೆಗೆದುಕೊಳ್ಳುವಂತೆ ಕೇಳಿಕೊಂಡರು. ರುಕ್ಮಿಣೀದೇವಿಯವರ ಮುಂದೆ ಆಗ ಎರಡು ದಾರಿಗಳಿದ್ದವು. ಹಟ ಹಿಡಿದು ಮತಕ್ಕೆ ಹಾಕಿದರೆ ಮಸೂದೆ ಬಿದ್ದುಹೋಗಬಹುದು. ಹಿಂತೆಗೆದುಕೊಂಡರೆ ಭರವಸೆಯು ಬರಿಯ ಮಾತಾಗಿಯೇ ಉಳಿಯಬಹುದು. ಅವರು ಎರಡನೆಯ ದಾರಿಯನ್ನೇ ಆರಿಸಿದರು. ತಮ್ಮ ಹೆಸರಿನ ಮಸೂದೆಗಿಂತ ಪ್ರಾಣಿಗಳಿಗೆ ದೊರೆಯುವ ರಕ್ಷಣೆಯು ದೊಡ್ಡದೆಂದು ಅವರು ಬಗೆದರು. ಸರ್ಕಾರವು ಸಮಿತಿಯನ್ನು ನೇಮಿಸಿತು. ವರ್ಷಗಳು ಉರುಳಿದವು. ಅವರು ಬೆನ್ನು ಬಿಡಲಿಲ್ಲ. ಕೊನೆಗೆ 1960ರ ಡಿಸೆಂಬರಿನಲ್ಲಿ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆಯು ಜಾರಿಯ ಮುದ್ರೆಯನ್ನು ಪಡೆಯಿತು.

ಆ ಕಾಯಿದೆಯು ಏನನ್ನು ಹೇಳಿತು? ಪ್ರಾಣಿಯನ್ನು ಇಟ್ಟುಕೊಂಡವನು ಅದರ ಕ್ಷೇಮವನ್ನು ನೋಡಿಕೊಳ್ಳಬೇಕು; ಅದಕ್ಕೆ ಅನ್ನ, ನೀರು, ನೆರಳು ಕೊಡದಿರುವುದು ಅಪರಾಧ. ಅನಗತ್ಯವಾಗಿ ಹೊಡೆಯುವುದು, ಒದೆಯುವುದು, ಶಕ್ತಿಮೀರಿ ಹೇರು ಹೊರಿಸುವುದು, ಅತಿ ಚಿಕ್ಕ ಗೂಡಿನಲ್ಲಿ ಕೂಡುವುದು ಅಪರಾಧ. ಸಾಕಿದ ಪ್ರಾಣಿಯನ್ನು ಹಸಿವಿನಿಂದ ನರಳುವಂತೆ ತೊರೆಯುವುದೂ ಅಪರಾಧ. ಪ್ರಯೋಗಶಾಲೆಗಳಲ್ಲಿ ಪ್ರಾಣಿಗಳನ್ನು ಬಳಸುವುದಕ್ಕೂ ಸರ್ಕಸ್ಸಿನಂತಹ ಪ್ರದರ್ಶನಗಳಿಗೂ ಅದು ಕಟ್ಟಳೆಗಳನ್ನು ವಿಧಿಸಿತು. ಸಾಕುವ ಉತ್ಸಾಹದಿಂದ ಮರಿಯನ್ನು ತಂದು, ಬೆಳೆದ ಮೇಲೆ ಬೇಸರಗೊಂಡು ಊರ ಹೊರಗೆ ಬಿಟ್ಟು ಬರುವವರನ್ನು ನಾವೆಲ್ಲ ಕಂಡಿದ್ದೇವೆ. ಬೀದಿಯಲ್ಲಿ ಅಲೆಯುವ ನಾಯಿಗಳಲ್ಲಿ ಕೆಲವು ಹಾಗೆ ಬಂದವು. ಹಾಗೆ ಬಿಡುವುದು ತಪ್ಪೆಂದು ನೆಲದ ಕಾಯಿದೆಯೇ ಹೇಳಿತು.

ಆದರೆ ಕಾಯಿದೆಯಲ್ಲಿ ಕೊರತೆಗಳೂ ಇದ್ದವು. ದಂಡದ ಮೊತ್ತ ತೀರ ಸಣ್ಣದಾಗಿತ್ತು. ಬೀದಿನಾಯಿಗಳ ಪಾಲಿಗಂತೂ ಅದು ಅರ್ಧ ಮಾತ್ರ ತೆರೆದ ಬಾಗಿಲಾಯಿತು; ಏಕೆಂದರೆ ಗೊತ್ತುಪಡಿಸಿದ ವಿಧಾನಗಳಿಂದ ಬೀದಿನಾಯಿಗಳನ್ನು ಕೊಲ್ಲುವುದನ್ನು ಅದು ಅಪರಾಧವೆಂದು ಎಣಿಸಲಿಲ್ಲ. ತಾವು ಬಯಸಿದ್ದೆಲ್ಲ ದೊರೆಯಲಿಲ್ಲವೆಂದು ರುಕ್ಮಿಣೀದೇವಿ ಕೈಚೆಲ್ಲಲಿಲ್ಲ. ಆ ಕಾಯಿದೆಯ ಅನುಸಾರ 1962ರಲ್ಲಿ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು ಮದರಾಸಿನಲ್ಲಿ ಸ್ಥಾಪಿತವಾದಾಗ ಅವರು ಅದರ ಮೊದಲ ಅಧ್ಯಕ್ಷೆಯಾದರು. ಊರೂರುಗಳ ಪ್ರಾಣಿದಯಾ ಸಂಘಗಳಿಗೆ ನೆರವು ನೀಡುವುದು, ಸರ್ಕಾರಕ್ಕೆ ಸಲಹೆ ಕೊಡುವುದು, ಶಾಲಾಮಕ್ಕಳಲ್ಲಿ ಪ್ರಾಣಿದಯೆಯನ್ನು ಬೆಳೆಸುವುದು ಆ ಮಂಡಳಿಯ ಕೆಲಸಗಳು. ಒಂದು ಕೈಯಲ್ಲಿ ಕಲಾಕ್ಷೇತ್ರ, ಮತ್ತೊಂದು ಕೈಯಲ್ಲಿ ಮಂಡಳಿ, ಹೀಗೆ ಎರಡನ್ನೂ ಬಹುಕಾಲ ನಡೆಸಿದರು.

ಅವರ ಕಾಲದಲ್ಲಿಯೇ, ಅವರ ಊರಿನಲ್ಲಿಯೇ ಬೀದಿನಾಯಿಗಳ ವಿಷಯದಲ್ಲಿ ಒಂದು ಹೊಸ ವಿಚಾರ ಹುಟ್ಟಿತು. ವಿ. ಸುಂದರಂ ಎಂಬುವರು ವಿಮಾನ ಚಾಲಕರು. ಅವರ ಪತ್ನಿ ಉಷಾ ಅವರೂ ನಮ್ಮ ಬೆಂಗಳೂರಿನ ಜಕ್ಕೂರಿನ ವಿಮಾನಶಾಲೆಯಲ್ಲಿ ತರಬೇತಿ ಪಡೆದ ವಿಮಾನ ಚಾಲಕಿ. 1959ರ ಮಳೆಗಾಲದಲ್ಲಿ ನೀರಿನಲ್ಲಿ ಒದ್ದಾಡುತ್ತಿದ್ದ ಎರಡು ನಾಯಿಮರಿಗಳನ್ನು ಸುಂದರಂ ಅವರು ಮನೆಗೆ ತಂದರು. ಆ ಮರಿಗಳ ಆರೈಕೆಯಿಂದ ಮೊದಲಾದ ಕೆಲಸವು ಮುಂದೆ ಬ್ಲೂ ಕ್ರಾಸ್ ಆಫ್ ಇಂಡಿಯಾ ಎಂಬ ದೊಡ್ಡ ಸಂಸ್ಥೆಯಾಯಿತು. ಮದರಾಸಿನ ನಗರಸಭೆಯು ಹತ್ತೊಂಬತ್ತನೆಯ ಶತಮಾನದಿಂದಲೂ ನಾಯಿಗಳನ್ನು ಕೊಲ್ಲುತ್ತ ಬಂದಿತ್ತು. ಆದರೂ ಅವುಗಳ ಸಂಖ್ಯೆ ಕಡಿಮೆಯಾಗಿರಲಿಲ್ಲ. ಇದರ ಕಾರಣವನ್ನು ತಿಳಿಯುವುದು ಕಷ್ಟವಲ್ಲ. ಹೆಣ್ಣುನಾಯಿಯು ಗರ್ಭ ಧರಿಸುವುದು ಸುಮಾರು 63 ದಿನ. ಅದು ವರ್ಷಕ್ಕೆ ಎರಡು ಬಾರಿ ಮರಿ ಹಾಕಬಲ್ಲದು. ತಿಪ್ಪೆಯಲ್ಲಿ ಅನ್ನ ಸಿಗುವ ತನಕ, ಕೊಂದ ನಾಯಿಯ ಜಾಗಕ್ಕೆ ಬೇರೆ ಓಣಿಯ ನಾಯಿ ಬಂದೇ ಬರುತ್ತದೆ. ಆದುದರಿಂದ ಕೊಲ್ಲುವ ಬದಲು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಹುಚ್ಚುರೋಗದ ವಿರುದ್ಧ ಲಸಿಕೆ ಹಾಕಿ, ಹಿಡಿದ ಓಣಿಯಲ್ಲಿಯೇ ಬಿಡುವುದು ಲೇಸೆಂದು 1964ರಿಂದ ಬ್ಲೂ ಕ್ರಾಸಿನವರು ವಾದಿಸತೊಡಗಿದರು. ಆ ವಾದವನ್ನು ನಗರಸಭೆಯು ಒಪ್ಪಲು ಮೂವತ್ತು ವರ್ಷಗಳೇ ಬೇಕಾದವು.

ರುಕ್ಮಿಣೀದೇವಿಯವರಿಗೆ ಗೌರವಗಳು ಒಂದರ ಹಿಂದೆ ಒಂದರಂತೆ ಬಂದವು. 1956ರಲ್ಲಿ ಪದ್ಮಭೂಷಣ, 1957ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 1968ರಲ್ಲಿ ಪ್ರಾಣಿಮಿತ್ರ ಪ್ರಶಸ್ತಿಗಳು ದೊರೆತವು. ಇವೆಲ್ಲಕ್ಕಿಂತ ಹಿರಿದಾದ ಗೌರವವೊಂದನ್ನು ಅವರು ಬೇಡವೆಂದರು. 1977ರಲ್ಲಿ ಪ್ರಧಾನಿ ಮೊರಾರ್ಜಿ ದೇಸಾಯಿಯವರು ಅವರನ್ನು ರಾಷ್ಟ್ರಪತಿಯ ಸ್ಥಾನಕ್ಕೆ ಸೂಚಿಸಲು ಮುಂದೆ ಬಂದರು. ಒಪ್ಪಿದ್ದರೆ ಈ ದೇಶದ ಮೊದಲ ಮಹಿಳಾ ರಾಷ್ಟ್ರಪತಿ ಎಂಬ ಕೀರ್ತಿ ಅವರದಾಗಬಹುದಾಗಿತ್ತು. ಅವರು ವಿನಯದಿಂದ ನಿರಾಕರಿಸಿ, ಕಲಾಕ್ಷೇತ್ರದ ಮರಗಳ ನೆರಳಿನಲ್ಲಿಯೇ ಉಳಿದರು. 1986ರ ಫೆಬ್ರವರಿ 24ರಂದು ಮದರಾಸಿನಲ್ಲಿ ಅವರ ಬಾಳು ಮುಗಿಯಿತು. ಆಗ ಅವರಿಗೆ ಎಂಬತ್ತೆರಡನೆಯ ವರ್ಷ ತುಂಬಲು ಕೆಲವೇ ದಿನಗಳಿದ್ದವು.

ಅವರು ಹಾಕಿದ ಅಡಿಗಲ್ಲಿನ ಮೇಲೆ ಮುಂದಿನವರು ಗೋಡೆಯನ್ನು ಕಟ್ಟಿದರು. 1976ರಲ್ಲಿಯೇ ಸಂವಿಧಾನಕ್ಕೆ ಸೇರಿಸಲಾದ ಮೂಲಭೂತ ಕರ್ತವ್ಯಗಳಲ್ಲಿ ಜೀವಿಗಳ ವಿಷಯದಲ್ಲಿ ದಯೆಯಿಂದಿರುವುದೂ ಒಂದಾಗಿತ್ತು. ಕ್ರಿಸ್ಟಲ್ ರೋಜರ್ಸ್ ಎಂಬ ಆಂಗ್ಲ ಮಹಿಳೆ ದೆಹಲಿಯಲ್ಲಿಯೂ ಜಯಪುರದಲ್ಲಿಯೂ ಗಾಯಗೊಂಡ ಪ್ರಾಣಿಗಳಿಗೆ ಆಶ್ರಯಗಳನ್ನು ತೆರೆದವರು; ಅವರು ತಮ್ಮ ಇಳಿವಯಸ್ಸಿನಲ್ಲಿ ಬೆಂಗಳೂರಿಗೆ ಬಂದು 1991ರಲ್ಲಿ ಇಲ್ಲಿಯೂ ಅಂತಹ ಸಂಸ್ಥೆಯನ್ನು ಆರಂಭಿಸಿದರು. 2001ರಲ್ಲಿ, 1960ರ ಕಾಯಿದೆಯ ಅಡಿಯಲ್ಲಿ, ನಾಯಿಗಳ ಜನನ ನಿಯಂತ್ರಣ ನಿಯಮಗಳು ಹೊರಟವು. ಬೀದಿನಾಯಿಗಳನ್ನು ಕೊಲ್ಲುವ ಬದಲು ಸಂತಾನಹರಣ ಮಾಡಿ, ಲಸಿಕೆ ಹಾಕಿ, ಅವುಗಳ ಜಾಗದಲ್ಲಿಯೇ ಬಿಡಬೇಕೆಂದು ಅವು ವಿಧಿಸಿದವು. ಅರ್ಧ ತೆರೆದಿದ್ದ ಬಾಗಿಲು ಹೀಗೆ ಇನ್ನಷ್ಟು ತೆರೆಯಿತು. 2023ರಲ್ಲಿ ಅವುಗಳ ಬದಲಿಗೆ ಬಂದ ಹೊಸ ನಿಯಮಗಳು ಬೀದಿನಾಯಿಗಳಿಗೆ ಅನ್ನ ಹಾಕುವ ಕ್ರಮವನ್ನೂ ಹೇಳಿದವು. ಮಕ್ಕಳು ಆಡುವ ಜಾಗದಿಂದಲೂ ಮನೆಗಳ ಮೆಟ್ಟಿಲು, ಬಾಗಿಲುಗಳಿಂದಲೂ ದೂರವಾದ ಒಂದು ಸ್ಥಳವನ್ನು ಗೊತ್ತುಮಾಡಬೇಕು. ಮಕ್ಕಳ ಮತ್ತು ಮುದುಕರ ಓಡಾಟ ಕಡಿಮೆಯಿರುವ ವೇಳೆಯನ್ನು ಆರಿಸಬೇಕು. ಉಂಡ ಜಾಗವನ್ನು ಚೊಕ್ಕಟವಾಗಿಡಬೇಕು.

ಇಷ್ಟಾದರೂ ಸಮಸ್ಯೆಯು ಮುಗಿಯಲಿಲ್ಲ. ಶಸ್ತ್ರಚಿಕಿತ್ಸೆ, ಲಸಿಕೆಗಳು ಎಲ್ಲ ಊರುಗಳಲ್ಲಿಯೂ ನಿಯಮದಂತೆ ನಡೆಯಲಿಲ್ಲ. ನಾಯಿ ಕಡಿತಕ್ಕೆ ಒಳಗಾದ ಮಕ್ಕಳ ಪೋಷಕರ ಅಳಲು ಸುಳ್ಳಲ್ಲ. ರೇಬೀಸ್ ಅಥವಾ ಹುಚ್ಚುರೋಗವು ಲಕ್ಷಣ ತೋರಿದ ಮೇಲೆ ಮನುಷ್ಯನನ್ನು ಬಹುಮಟ್ಟಿಗೆ ಉಳಿಸುವುದೇ ಇಲ್ಲ. 1885ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರರು ಅದಕ್ಕೆ ಲಸಿಕೆಯನ್ನು ಕಂಡುಹಿಡಿದು ಒಬ್ಬ ಬಾಲಕನ ಜೀವ ಉಳಿಸಿದ ದಿನದಿಂದ ಅದು ತಡೆಯಬಹುದಾದ ರೋಗವಾಗಿದೆ. ನಾಯಿ ಕಚ್ಚಿದರೆ ಗಾಯವನ್ನು ಒಡನೆಯೇ ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ, ಖಾರಪುಡಿಗಳನ್ನು ಮೆತ್ತಿ ಕೂರುವುದು ಜೀವಕ್ಕೆ ಅಪಾಯ. 2025ರಲ್ಲಿ ಈ ಎಲ್ಲ ಪ್ರಶ್ನೆಗಳು ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದವು. ನಾಯಿಗಳಿಗೆ ಎಲ್ಲೆಂದರಲ್ಲಿ ಅನ್ನ ಹಾಕದೆ ಗೊತ್ತುಪಡಿಸಿದ ಸ್ಥಳಗಳಲ್ಲಿಯೇ ಹಾಕಬೇಕೆಂದು ಆ ವರ್ಷದ ಆಗಸ್ಟಿನಲ್ಲಿಯೂ, ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಂತಹ ಆವರಣಗಳಿಂದ ನಾಯಿಗಳನ್ನು ಆಶ್ರಯಗಳಿಗೆ ಸಾಗಿಸಬೇಕೆಂದು ನವೆಂಬರಿನಲ್ಲಿಯೂ ನ್ಯಾಯಾಲಯವು ಆದೇಶಿಸಿತು. ಮಗುವಿನ ಭಯ ಮತ್ತು ನಾಯಿಯ ಹಸಿವು ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವ ಕೆಲಸ ಸುಲಭವಾದುದಲ್ಲ.

ಹೀಗಿರುವಾಗ ರುಕ್ಮಿಣೀದೇವಿಯವರ ಬಾಳಿನಿಂದ ನಾವು ಕಲಿಯಬೇಕಾದುದು ಯಾವುದು? ಕರುಣೆಯೆಂದರೆ ಕ್ಷಣಕಾಲ ಉಕ್ಕಿ ಆರುವ ಭಾವವಲ್ಲ. ಮನಸ್ಸು ಬಂದಾಗ ಬಿಸ್ಕತ್ತು ಎಸೆದು, ಮನಸ್ಸು ಬಾರದಾಗ ಮರೆಯುವವನು ನಾಯಿಗೂ ಒಳ್ಳೆಯದನ್ನು ಮಾಡುವುದಿಲ್ಲ, ನೆರೆಯವರಿಗೂ ಮಾಡುವುದಿಲ್ಲ. ಶಾಲೆಯ ಬಾಗಿಲಲ್ಲಿ ಅನ್ನ ಸುರಿದರೆ ಅಲ್ಲಿ ನಾಯಿಗಳು ಸೇರುತ್ತವೆ, ಮಕ್ಕಳು ಹೆದರುತ್ತಾರೆ. ಆ ಹೆದರಿಕೆಯ ಸಿಟ್ಟು ಕಲ್ಲಾಗಿ ನಾಯಿಯ ಮೇಲೆಯೇ ಬೀಳುತ್ತದೆ. ನೃತ್ಯಕ್ಕೆ ತಾಳವಿರುವಂತೆ ದಯೆಗೂ ಒಂದು ತಾಳವಿರಬೇಕು. ಗೊತ್ತಾದ ಜಾಗ, ಗೊತ್ತಾದ ವೇಳೆ, ಚೊಕ್ಕಟವಾದ ನೆಲ, ಬೇಸಿಗೆಯಲ್ಲಿ ಒಂದು ಮಣ್ಣಿನ ತಟ್ಟೆಯಲ್ಲಿ ನೀರು, ವರ್ಷಕ್ಕೊಮ್ಮೆ ಲಸಿಕೆ, ಗಾಯಗೊಂಡ ನಾಯಿಯಿದ್ದರೆ ಪಶು ಆಸ್ಪತ್ರೆಗೆ ಸುದ್ದಿ, ಸಂತಾನಹರಣಕ್ಕಾಗಿ ಪುರಸಭೆಗೆ ಒಂದು ಅರ್ಜಿ, ಇವು ಕರುಣೆಯ ಅಡವುಗಳು. ಇವುಗಳಲ್ಲಿ ಯಾವುದೂ ದೊಡ್ಡದಲ್ಲ. ಆದರೆ ದಿನದಿನವೂ ತಪ್ಪದೆ ಮಾಡಬೇಕಾದುದರಿಂದ ಯಾವುದೂ ಸಣ್ಣದೂ ಅಲ್ಲ.

ಗಜೇಂದ್ರಗಡದ ಓಣಿಯ ಅಜ್ಜಿಯು ರುಕ್ಮಿಣೀದೇವಿಯವರ ಹೆಸರನ್ನು ಕೇಳಿರಲಿಕ್ಕಿಲ್ಲ. ಆಕೆಗೆ ಕಾಯಿದೆಯ ವಿಧಿಗಳೂ ಗೊತ್ತಿರಲಿಕ್ಕಿಲ್ಲ. ಆದರೂ ಮಗ್ಗ ನಿಂತ ಹೊತ್ತಿಗೆ ತಪ್ಪದೆ ಹೊರಬರುವ ಆ ರೊಟ್ಟಿಯ ಚೂರಿನಲ್ಲಿ ಆ ಶಿಸ್ತಿನ ಮೊದಲ ಹೆಜ್ಜೆ ಇದೆ. ಉಳಿದ ಹೆಜ್ಜೆಗಳನ್ನು ಹಾಕುವ ಹೊಣೆ ಓದು ಬಲ್ಲ ನಮ್ಮದು. ಊರಿನ ಮಕ್ಕಳು ನಿರ್ಭಯವಾಗಿ ಶಾಲೆಗೆ ನಡೆಯುವ, ಊರಿನ ನಾಯಿಯು ನಿರ್ಭಯವಾಗಿ ಕಟ್ಟೆಯ ನೆರಳಿನಲ್ಲಿ ಮಲಗುವ ದಿನವನ್ನು ತರುವುದೇ, ಮೂಕಜೀವಿಗಳ ಪರವಾಗಿ ಸಂಸತ್ತಿನಲ್ಲಿ ಎದ್ದುನಿಂತ ಆ ದನಿಗೆ ನಾವು ಸಲ್ಲಿಸಬಹುದಾದ ಗೌರವ.